ಪಕಾರವಿಲ್ಲದ ಕೌಂಟರು

ಬತಾಕಾದ ಮೇಲೆ ಪರಿಮಳ ಅಂತಲೇ ಇದೆ,
ಕೌಂಟರಿನ ಹುಡುಗಿ ಕೂಗುತ್ತಾಳೆ: ಬರಿಮಲ!
ಬರಿಮಲ ಬಾಬನ್ನ!
ನಗು ಬರುತ್ತದೆ. ಹೊಟ್ಟೆ ಹಿಡಿದುಕೊಂಡು ನಗುವ ಹಾಗಿಲ್ಲ,
ಬಂದಿರುವುದೇ ಹೊಟ್ಟೆಗೆ.

ತಪ್ಪು ಅವಳದ್ದಲ್ಲ. ಅವಳ ಭಾಷೆಯ ಪೆಟ್ಟಿಗೆಯಲ್ಲಿ
ಪಕಾರ ಯಾರೂ ಇಟ್ಟೇ ಇಲ್ಲ.
ನಾನೇನು ಕಮ್ಮಿ? ಮಳವಳ್ಳಿಯವಳು,
ಹಾಲಿಗೆ ಆಲು, ಊಟಕ್ಕೆ ಹೂಟ.
ಸೊಹಾರಿಗೆ ಬಂದು ಹದಿನೈದು ವರ್ಷವಾದರೂ
ಅಲ್‌ಹಮ್ದುಲಿಲ್ಲಾದ ಹಕಾರ
ಈ ನಾಲಿಗೆಯ ಮೇಲೆ ಒಂದು ಗಳಿಗೆ ಕೂತದ್ದಿಲ್ಲ.

ಅಪ್ಪ ಪಾಪಣ್ಣ,
ಸಕ್ಕರೆ ಕಾರ್ಖಾನೆಯಲ್ಲಿ ಗಾಡಿ ಗಾಡಿ ಕಬ್ಬು ತೂಗಿದವನು,
ಮುಟ್ಟು ಎಂಬ ಮಾತು ಮನೆಯೊಳಗೆ ಬಿದ್ದರೆ
ಎದ್ದು ಆಚೆ ಹೋಗಿ ಬೀಡಿ ಹಚ್ಚುತ್ತಿದ್ದವನು,
ಈಗ ಗಂಡಸರಿಗೆ ಪ್ರವೇಶವಿಲ್ಲ ಎಂಬ ಹಸಿರು ಬೋರ್ಡು ದಾಟಿ
ಹೆಂಗಸರ ಹಾಲಿನ ನಟ್ಟನಡುವೆ
ಮೈಕಿನಲ್ಲಿ ಮೂರು ಸಲ ಹಾಜರು.
ಸತ್ತು ಒಂಬತ್ತು ವರ್ಷ.
ಕೂತ್ಕೊಳಪ್ಪಾ, ಅಂದೆ ಮನಸ್ಸಿನಲ್ಲೇ.

ಗಂಡನ ಹೆಸರು?
ಇದ್ದಾನೆ ಎಲ್ಲೋ. ವೀಸಾದಲ್ಲಿಲ್ಲ.
ಹುಡುಗಿಯ ಪೆನ್ನು ಗಾಳಿಯಲ್ಲಿ ನಿಂತಿತು.
ಮದುವೆ ಕಾಗದವಿಲ್ಲದೆ ಈ ಬಾಗಿಲಿಗೆ ಬಂದವಳನ್ನು
ಯಾವ ಕಣ್ಣಲ್ಲಿ ನೋಡುತ್ತಾರೆಂದು
ಅವಳಿಗೂ ಗೊತ್ತು, ನನಗೂ ಗೊತ್ತು.
ಬಸುರಲ್ಲ ತಾಯಿ, ಬಸಿಯುತ್ತಿದೆ,
ಅಂದುಬಿಟ್ಟೆ ಕನ್ನಡದಲ್ಲೇ.
ಇಪ್ಪತ್ತೆರಡು ದಿನ, ಬೆರಳು ಮಡಚಿ ಮಡಚಿ ತೋರಿಸಿದೆ.
ಅವಳು ಖಾಲಿ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದಳು.
ಕಾಗದದ ಪ್ರಕಾರ ಈಗ ಆ ಗೆರೆಯೇ ನನ್ನ ಗಂಡ.
ಮೊದಲಿನವನಿಗಿಂತ ನೆಟ್ಟಗಿದೆ.

ಪಕ್ಕದ ಕುರ್ಚಿಯಲ್ಲಿ
ಮುಖಕ್ಕೆ ಕೊಕ್ಕಿನಂಥ ಬುರ್ಖಾ ಕಟ್ಟಿದ ಮುದುಕಿ.
ಫ್ಲಾಸ್ಕಿನಿಂದ ಕಹ್ವಾ ಬಗ್ಗಿಸಿ ಖರ್ಜೂರದ ಡಬ್ಬಿ ತಳ್ಳಿ
ಮಕ್ಕಳೆಷ್ಟು, ಅಂದಳು.
ನಾನು ಇಂಡಿಯನ್ ಸ್ಕೂಲಿನ ಬಸ್ಸಿನ ಆಯಾ.
ದಿನಾ ಎಣಿಸುವ ಲೆಕ್ಕವೇ ಬಾಯಿಗೆ ಬಂತು: ನಲವತ್ತೆರಡು.
ಮುದುಕಿ ಖರ್ಜೂರದ ಬೀಜ ನುಂಗಿದಳೋ ಏನೋ!
ಮಾಶಾ ಅಲ್ಲಾ, ಮಾಶಾ ಅಲ್ಲಾ ಎನ್ನುತ್ತ
ಇನ್ನೆರಡು ಹಣ್ಣು ಕೈಗಿಟ್ಟು ಬೆರಳು ಮುಚ್ಚಿದಳು.
ತಿದ್ದಲಿಲ್ಲ ನಾನು.
ತಿದ್ದಿದರೆ ಸೊನ್ನೆ ಅನ್ನಬೇಕು,
ಇವರ ಅಂಕಿಯಲ್ಲಿ ಸೊನ್ನೆಯೆಂದರೆ ಒಂದು ಚುಕ್ಕೆ, ಅಷ್ಟೆ.

ಒಳಗೆ ಸುಡಾನಿನ ಡಾಕ್ಟರಮ್ಮ,
ಉಗುರಿನವರೆಗೂ ಕಪ್ಪು ಮದರಂಗಿ.
ತಣ್ಣನೆ ಜೆಲ್ಲು ಸವರಿ, ಯಂತ್ರ ಒತ್ತಿ ಕೇಳಿದಳು:
ಬೇನ್?
ಇಲ್ಲಿ ಬೇನ್? ಇಲ್ಲಿ?

ಪೇನ್ ಎಂದು ಹೊರಟಿದ್ದ ಮಾತು
ದಾರಿಯಲ್ಲಿ ಪಕಾರ ಉದುರಿಸಿಕೊಂಡು
ನಮ್ಮಜ್ಜಿಯ ಸೆರಗು ಹಿಡಿದು ಬಂದುಬಿಟ್ಟಿತು.
ಬೇನೆ.
ಕೇರಿಯ ಹೆಂಗಸರೆಲ್ಲ ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡಾಗ
ಬೇನೆ ಬಂತಾ, ಬೇನೆ ಬಂತಾ ಎಂದು
ಹೊರಗೆ ಕೇಳುತ್ತಿದ್ದರಲ್ಲ, ಅದೇ.
ನನ್ನನ್ನು ಯಾರೂ ಕೇಳಿರಲಿಲ್ಲ.

ಕೇಳಿದ್ದೇ ತಡ, ಹೇಳಿದೆ, ಕನ್ನಡದಲ್ಲೇ.
ಸೊಂಟದಿಂದ ತೊಡೆಗಿಳಿಯುವ ಸಂಕಟ,
ಸೀಟಿನ ಮೇಲೆ ಮಡಿಸಿ ಹಾಸುವ ದುಪ್ಪಟ್ಟಾ,
ಮೂರನೇ ಕ್ಲಾಸಿನ ಹುಡುಗ
ಆಂಟಿ, ಇಂಕು ಚೆಲ್ಲಿದೆ ಎಂದದ್ದು.
ಆಕೆ ಹ್ಞೂಂಗುಟ್ಟುತ್ತ ಪರದೆ ನೋಡುತ್ತಿದ್ದಳು.
ಕಡೇ ಟ್ರಿಪ್ಪು ಮುಗಿದ ಮೇಲೆ ನಾನು
ಹಿಂದಿನ ಸೀಟಿನವರೆಗೂ ನಡೆದು, ಬಗ್ಗಿ,
ಯಾರಾದರೂ ಮಲಗಿಬಿಟ್ಟಿದ್ದಾರಾ ಎಂದು ನೋಡುತ್ತೇನಲ್ಲ,
ಹಾಗೆ, ಒಂದೊಂದೇ ಮೂಲೆ.
ಯಾರೂ ಇಲ್ಲ.
ಒಂದು ಗಡ್ಡೆ, ಗಜನಿಂಬೆಯ ಗಾತ್ರದ್ದು.
ಕೆಟ್ಟದ್ದಿರಲಾರದು, ಆದರೆ ತೆಗೆಯಬೇಕು.
ಚೀಟಿಯ ಹಿಂದೆ ಚಿತ್ರ ಬರೆದು ಕೊಟ್ಟಳು.

ಹೊರಗೆ ಬಿಲ್ಲಿನ ಫಿಲಿಪೀನಿ ನರ್ಸಿನ ಬಾಯಲ್ಲಿ
ಈ ಊರು ಕಳೆದುಕೊಂಡ ಪಕಾರವೆಲ್ಲ ರಾಶಿ ಬಿದ್ದಿತ್ತು:
ಪಿಪ್ಟೀನ್ ರಿಯಾಲ್, ಮ್ಯಾಮ್. ಪೈಲ್ ತನ್ನಿ. ಪಾಸ್ಟಿಂಗ್ ಬನ್ನಿ.
ಆಮೇಲೆ ಬೆನ್ನ ಹಿಂದೆ ಯಾರೋ
ಪರಿಮಳಾ, ಪರಿಮಳಾ ಎಂದು
ಅಚ್ಚುಕಟ್ಟಾಗಿ ಕರೆಯುತ್ತಿದ್ದರು.
ನನ್ನನ್ನೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.
ಚಿಲ್ಲರೆ ಮರೆತಿದ್ದೆ.

ಒಂದೂಕಾಲಿಗೆ ಬಸ್ಸು.